ಲಾರಿಯ ಎಸಿ ಗ್ಯಾಸ್ ಎಲ್ಲಿ ಹೋಗುತ್ತಿತ್ತು

ವಿಜಯಪುರ
8 ಏಪ್ರಿಲ್ 2026, ಬುಧವಾರ

ಇವತ್ತು ಲಾರಿಯ ಎಸಿ ಸರಿಯಾಯಿತು. ಸುಮ್ನೆ ಗ್ಯಾಸ್ ತುಂಬಿ ಕಳಿಸಿದ್ದಲ್ಲ, ರೋಗ ಎಲ್ಲಿದೆ ಅಂತ ಹುಡುಕಿ ಮಾಡಿದ ರಿಪೇರಿ. ಅದಕ್ಕೇ ಖುಷಿ ಜಾಸ್ತಿ.

ಯುಗಾದಿ ದಾಟಿದ ಮೇಲೆ ನಮ್ಮ ಕಡೆಯ ಬಿಸಿಲು ಎಲ್ಲರಿಗೂ ಗೊತ್ತು. ನನ್ನ ತಮ್ಮ ಇಂಡಿಯಲ್ಲಿ ಲಾರಿಗೆ ನಿಂಬೆಹಣ್ಣು ಹೇರಿಕೊಂಡು ಸೋಲಾಪುರದ ಕಡೆ ಹೋಗುತ್ತಾನೆ. ಗಾಡಿ ಓಡುವಾಗ ಎಸಿ ಅಷ್ಟಿಷ್ಟು ತಂಪು ಕೊಡುತ್ತಿತ್ತು. ಟೋಲ್ ಹತ್ತಿರ ನಿಂತರೆ ಬರೀ ಬಿಸಿಗಾಳಿ. ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಂಡು ಓಡಿಸುತ್ತಿದ್ದ. ಲಾರಿಗೆ ಎಸಿ ಯಾಕೆ, ಅದೆಲ್ಲ ಶೋಕಿ ಅನ್ನುವವರು ಇನ್ನೂ ಇದ್ದಾರೆ. ಒಂದು ಮಧ್ಯಾಹ್ನ ಆ ಸೀಟಿನಲ್ಲಿ ಕೂತು ನೋಡಲಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ನಿಗಿಂತ ಜಾಸ್ತಿ ತೂಕದ ಸರಕು ಗಾಡಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಬಹಳ ಹಿಂದೆಯೇ ಆಗಬೇಕಿತ್ತು. ನಮ್ಮದು ಅದಕ್ಕೂ ಮೊದಲಿನ ಗಾಡಿ, ಆದರೂ ಎಸಿ ಇರುವುದನ್ನೇ ಹುಡುಕಿ ತಗೊಂಡಿದ್ದೆವು.

ಹೋದ ಬೇಸಿಗೆಯಲ್ಲಿ ಒಂದು ಗ್ಯಾರೇಜಿನಲ್ಲಿ ಗ್ಯಾಸ್ ಹಾಕಿಸಿದ್ದೆವು. ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಈ ಸಲ ಅಲ್ಲಿಗೇ ಹೋದರೆ ಇಂಜಿನ್ ಆಫ್ ಇದ್ದಾಗಲೇ ಒತ್ತಡ ತೋರಿಸುವ ಗೇಜು ಹಚ್ಚಿದರು. "ಪ್ರೆಷರ್ ಬರೋಬ್ಬರಿ ಐತ್ರಿ, ಕಂಪ್ರೆಸರ್ ಹೋಗೇತಿ, ಹೊಸದು ಹಾಕ್ಬೇಕು" ಅಂದರು. ಗ್ಯಾಸನ್ನು ಒತ್ತಿ ಪೈಪಿನಲ್ಲಿ ತಳ್ಳುವ ಕಂಪ್ರೆಸರ್ ಅಂದರೆ ಸಣ್ಣ ದುಡ್ಡಾ? ಗಾಡಿ ವಾಪಸ್ ತಂದೆವು.

ಇವತ್ತು ತೋರಿಸಿದ್ದು ಇಂಡಿ ರಸ್ತೆಯ ಎಸಿ ಮೆಕ್ಯಾನಿಕ್ ಚಾಚಾಗೆ. ಹಿಂದಿನವರು ಹೇಳಿದ್ದನ್ನು ಹೇಳಿದೆ. "ನಿಂತ ಗಾಡಿ ಪ್ರೆಷರ್ ನೋಡಿದ್ರ ಏನ್ ತಿಳಿತೈತವಾ?" ಅಂದರು. ಮನೆಯ ಅಡುಗೆ ಸಿಲಿಂಡರ್ ಇದ್ದ ಹಾಗೆ ಇದು. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಸಾಕು, ಒತ್ತಡ ಹೊರಗಿನ ಬಿಸಿಗೆ ತಕ್ಕಂತೆ ನಿಲ್ಲುತ್ತದೆ. ಎಷ್ಟಿದೆ ಅಂತ ತಿಳಿಯಬೇಕಾದರೆ ತೂಗಬೇಕು, ಇಲ್ಲವೇ ಎಸಿ ಓಡಿಸಿ ನೋಡಬೇಕು.

ಎಸಿ ಓಡಿಸಿದಾಗ ನೀಲಿ ಗೇಜು (ಕಂಪ್ರೆಸರಿಗೆ ಗ್ಯಾಸ್ ಬರುವ, ಒತ್ತಡ ಕಡಿಮೆ ಇರುವ ಕಡೆ), ಕೆಂಪು ಗೇಜು (ಅಲ್ಲಿಂದ ಹೊರಡುವ, ಒತ್ತಡ ಜಾಸ್ತಿ ಇರುವ ಕಡೆ) ಎರಡರ ಮುಳ್ಳೂ ಕೆಳಗೆ. ಕಂಪ್ರೆಸರಿನ ಕ್ಲಚ್ ಟಕ್ ಅಂತ ಹಿಡಿಯುತ್ತಿತ್ತು, ತಕ್ಷಣ ಬಿಡುತ್ತಿತ್ತು. ಕಂಪ್ರೆಸರ್ ಕೆಟ್ಟಿದ್ದರೆ ನೀಲಿ ಕಡೆ ಒತ್ತಡ ಏರಿರುತ್ತದಂತೆ. ಇಲ್ಲಿ ಗ್ಯಾಸೇ ಕಡಿಮೆ. "ಗ್ಯಾಸ್ ಖರ್ಚಾಗೂದಿಲ್ಲವಾ, ಡೀಸೆಲ್ ಅಲ್ಲ ಅದು. ಕಡಿಮಿ ಆಗೇತಿ ಅಂದ್ರ ಎಲ್ಲೋ ಸೋರತೈತಿ."

ಉಳಿದ ಗ್ಯಾಸನ್ನು ಮಷೀನಿಗೆ ಎಳೆದುಕೊಂಡರು, ಗಾಳಿಗೆ ಬಿಡಲಿಲ್ಲ. ಅದು ನನಗೆ ಹಿಡಿಸಿತು. ಆರ್-134ಎ ಅನ್ನುವ ಈ ಗ್ಯಾಸ್ ಭೂಮಿಯನ್ನು ಕಾಯಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಆಮೇಲೆ ಕ್ಯಾಬಿನ್ ಎತ್ತಿ, ಟಾರ್ಚ್ ಹಿಡಿದು ಪೈಪು ನೋಡುತ್ತಾ ಹೋದರು. ಒಂದು ಕಡೆ ನಿಂತು ನನ್ನನ್ನು ಕರೆದರು. ಕ್ಯಾಬಿನ್ ಎತ್ತಿ ಇಳಿಸುವಾಗ ಬಾಗುವ ರಬ್ಬರ್ ಪೈಪು ಅದು. ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಅಲ್ಲಿ ಅಂಗೈ ಅಗಲದಷ್ಟು ಕಪ್ಪು ಧೂಳು ಅಂಟಿಕೊಂಡಿತ್ತು, ಬೆರಳು ಹಚ್ಚಿದರೆ ಜಿಡ್ಡು. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ, ಧೂಳು ಅಲ್ಲೇ ಕೂರುತ್ತದೆ. ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದವು. ತಮ್ಮ ಅದನ್ನೇ ನೋಡುತ್ತಾ ನಿಂತುಬಿಟ್ಟ.

ಹೊಸ ಪೈಪು, ಜೋಡಣೆಯಲ್ಲಿ ಕೂರುವ ರಬ್ಬರ್ ಬಳೆ (ಓ-ರಿಂಗ್), ತೇವ ಹೀರುವ ಡ್ರೈಯರ್ ಹಾಕಿದರು. ಅರ್ಧ ಗಂಟೆಗೂ ಜಾಸ್ತಿ ವ್ಯಾಕ್ಯೂಮ್ ಎಳೆದರು, ಅಂದರೆ ಪಂಪಿನಿಂದ ಒಳಗಿನ ಗಾಳಿ, ತೇವ ಹೊರತೆಗೆದರು. ಒಳಗೆ ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಎಣ್ಣೆಯೂ ಕೆಡುತ್ತದೆ. ಪಂಪು ನಿಲ್ಲಿಸಿ ಮುಳ್ಳು ಅಲ್ಲಾಡುತ್ತದಾ ಅಂತ ಚಹಾ ಕುಡಿಯುವಷ್ಟು ಹೊತ್ತು ಕಾದರು. ಅಲ್ಲಾಡಲಿಲ್ಲ. ಗಾಡಿಯ ಸ್ಟಿಕರಿನಲ್ಲಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. ಜಾಸ್ತಿ ಹಾಕಿದರೂ ತಂಪು ಕಡಿಮೆಯಾಗುತ್ತದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ಮುಗಿಯಿತು ಅಂದುಕೊಂಡರೆ ಮುಗಿದಿರಲಿಲ್ಲ. ಗಾಡಿ ನಿಂತಲ್ಲೇ ಓಡುವಾಗ ಕೆಂಪು ಮುಳ್ಳು 300 ಪಿಎಸ್‌ಐ (ಒತ್ತಡದ ಅಳತೆ) ದಾಟಿತು, ಅದು ಜಾಸ್ತಿಯಾಯಿತು. ಚಾಚಾ ಒಂದು ಕೊಡ ನೀರು ತರಿಸಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಮುಂದಿನ ಕಂಡೆನ್ಸರಿಗೆ ಸುರಿದರು. ಮುಳ್ಳು ಸರ್ರನೆ ಇಳಿಯಿತು. ಅಂದರೆ ಗ್ಯಾಸಿನದು ತಪ್ಪಲ್ಲ, ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ. ಚಳಿಗಾಲವೆಲ್ಲ ಕಬ್ಬು ಹೊತ್ತ ಗಾಡಿ ಇದು. ರವದಿ (ಕಬ್ಬಿನ ಒಣ ಗರಿ) ಚೂರು, ಎರೆಮಣ್ಣಿನ ಧೂಳು ಸೇರಿ ಕಂಡೆನ್ಸರಿನ ಸಂದಿಯೆಲ್ಲ ಮುಚ್ಚಿತ್ತು. ಪ್ರೆಷರ್ ವಾಷರ್ ಹಚ್ಚಲು ಬಿಡಲಿಲ್ಲ, ಕಂಡೆನ್ಸರಿನ ತೆಳು ಲೋಹದ ಪಟ್ಟಿಗಳು ಮಡಚಿಕೊಳ್ಳುತ್ತವೆ. ಸಾದಾ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ ಬಿಟ್ಟು ತೊಳೆದರು. ಮಣ್ಣಿನ ನೀರು ಇಳಿದಿದ್ದೇ ಇಳಿದಿದ್ದು.

ಬೆಳಿಗ್ಗೆ ಬ್ಲೋವರ್ ಬಾಯಿಗೆ ಇಟ್ಟ ಥರ್ಮಾಮೀಟರ್ 21 ಡಿಗ್ರಿ ತೋರಿಸಿತ್ತು. ಸಂಜೆ, ಗಾಡಿ ನಿಂತಲ್ಲೇ, 11.

ಹೊಸ ಕಂಪ್ರೆಸರಿನ ದುಡ್ಡು ಉಳಿಯಿತು. ಬಿಲ್ಲಿನ ಹಿಂದೆ ಗ್ಯಾಸಿನ ತೂಕ, ಎರಡೂ ಗೇಜಿನ ಅಂಕಿ, ತಾರೀಖು ಬರೆಸಿಕೊಂಡು ಆರ್‌ಸಿ ಜೊತೆ ಇಟ್ಟಿದ್ದೇನೆ. ದಾರಿಯಲ್ಲಿ ಯಾರಾದರೂ ಎಸಿ ಮುಟ್ಟುವುದಾದರೆ ಮೊದಲು ಆ ಚೀಟಿ ತೋರಿಸು ಅಂತ ತಮ್ಮನಿಗೆ ಹೇಳಿದೆ.