ಓಪನ್‌ಎಪಿಐ ಕಡತವೂ ಟೈಪ್‌ಸ್ಕ್ರಿಪ್ಟೂ ಇರುವಾಗ ರಿಕ್ವೆಸ್ಟ್ ತಪಾಸಣೆ ಮತ್ತೇಕೆ?

ಜಾವಾಸ್ಕ್ರಿಪ್ಟ್‌ನಲ್ಲಿ ಬ್ಯಾಕೆಂಡ್ ಬರೆಯುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ಎಪಿಐ ವಿವರಣೆಯನ್ನು, ಅಂದರೆ ಯಾವ ರಿಕ್ವೆಸ್ಟ್ ಹೇಗಿರಬೇಕು, ಅದಕ್ಕೆ ಉತ್ತರ ಹೇಗಿರುತ್ತದೆ ಎಂಬುದನ್ನು, ಓಪನ್‌ಎಪಿಐ ಎಂಬ ನಿಗದಿತ ರೂಪದ ಕಡತದಲ್ಲಿ ಬರೆದು ಪ್ರಕಟಿಸಿದ್ದೇವೆ, ಕೋಡ್ ಟೈಪ್‌ಸ್ಕ್ರಿಪ್ಟ್‌ನಲ್ಲಿದೆ (ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು ಸೇರಿಸಿದ ಭಾಷೆ), ಹೀಗಿರುವಾಗ ಬರುವ ಪ್ರತಿ ರಿಕ್ವೆಸ್ಟನ್ನೂ ಮತ್ತೆ ತಪಾಸಣೆ ಮಾಡಬೇಕೆ? ಮಾಡಲೇಬೇಕು, ಆದರೆ ತಪಾಸಣೆಯ ನಿಯಮಗಳನ್ನು ಎರಡನೆಯ ಸಲ ಬರೆಯಬಾರದು ಎಂಬುದು ನನ್ನ ಉತ್ತರ.

ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಕಂಪೈಲ್ ಆಗುವಾಗಲೇ ಅಳಿಸಿಹೋಗುತ್ತವೆ. ಒಂದು ಫೀಲ್ಡನ್ನು ನಂಬರ್ ಎಂದು ಘೋಷಿಸಿದ್ದರೂ ಕ್ಲೈಂಟ್ "2" ಎಂಬ ಸ್ಟ್ರಿಂಗ್ ಕಳಿಸಿದರೆ ಸರ್ವರ್‌ನಲ್ಲಿ ಅದನ್ನು ತಡೆಯುವವರಿಲ್ಲ. ಅದಕ್ಕೆ 1 ಕೂಡಿಸಿದಾಗ ಜಾವಾಸ್ಕ್ರಿಪ್ಟ್ ಕಿಂಚಿತ್ತೂ ಅಳುಕದೆ "21" ಎನ್ನುತ್ತದೆ.

ಓಪನ್‌ಎಪಿಐ ಕಡತದ ತೊಂದರೆ ಬೇರೆ ಬಗೆಯದು. ಅದನ್ನು ಯಾವ ಪ್ರೋಗ್ರಾಮೂ ಓದದಿದ್ದರೆ, ಕೋಡ್ ಬದಲಾದಾಗ ಕಡತವನ್ನೂ ತಿದ್ದಬೇಕೆಂದು ಯಾರಿಗೂ ನೆನಪಾಗುವುದಿಲ್ಲ. ಹಿಂದೆ ನಾನಿದ್ದ ತಂಡವೊಂದರಲ್ಲಿ ಫೋನ್ ಸಂಖ್ಯೆ ಐಚ್ಛಿಕವೆಂದು ವಿವರಣೆ ಹೇಳುತ್ತಿತ್ತು, ರಿಕ್ವೆಸ್ಟ್‌ಗೆ ಉತ್ತರ ಕೊಡುವ ಕೋಡ್, ಅಂದರೆ ಹ್ಯಾಂಡ್ಲರ್, ಮಾತ್ರ ಅದು ಇದ್ದೇ ಇರುತ್ತದೆಂದು ನಂಬಿತ್ತು. ಮೊಬೈಲ್ ಆ್ಯಪ್ ಬರೆಯುತ್ತಿದ್ದ ಸಹೋದ್ಯೋಗಿ 500 (ಸರ್ವರ್‌ನಲ್ಲಿ ದೋಷ) ಎಂಬ ಉತ್ತರವನ್ನು ಹಿಡಿದುಕೊಂಡು ದಿನವಿಡೀ ತಮ್ಮ ಕೋಡ್‌ನಲ್ಲೇ ತಪ್ಪು ಹುಡುಕಿದರು.

ಆದ್ದರಿಂದ ಪ್ರಕಟಿಸುವ ಸ್ಕೀಮಾವೇ (ಮಾಹಿತಿಯ ಆಕಾರದ ನಿಯಮಗಳೇ) ತಪಾಸಣೆಯನ್ನೂ ಮಾಡಬೇಕು. 2021ರಲ್ಲಿ ಬಂದ ಓಪನ್‌ಎಪಿಐ 3.1, ಜೇಸನ್ ಮಾಹಿತಿಯ ಆಕಾರ ಹೇಳುವ ಮಾನದಂಡವಾದ ಜೇಸನ್ ಸ್ಕೀಮಾದ 2020-12 ಆವೃತ್ತಿಗೆ ಹೊಂದಿಕೊಂಡಿರುವುದರಿಂದ ಈ ಕೆಲಸ ಹಗುರಾಗಿದೆ: ನಲ್ (ಮೌಲ್ಯವಿಲ್ಲ ಎಂಬುದು) ಬರಬಹುದು ಎನ್ನಲು 3.0ರಲ್ಲಿ ಬೇಕಿದ್ದ ನಲೆಬಲ್ ಎಂಬ ಪ್ರತ್ಯೇಕ ಪದದ ಬದಲು, ಈಗ ಟೈಪ್‌ಗಳ ಪಟ್ಟಿಗೆ ನಲ್ ಸೇರಿಸಿದರಾಯಿತು. ಎಕ್ಸ್‌ಪ್ರೆಸ್ ಎಂಬ ಸರ್ವರ್ ಫ್ರೇಮ್‌ವರ್ಕ್ ಬಳಸುವವರಿಗೆ ಈ ಕಡತವನ್ನೇ ಓದಿ ರಿಕ್ವೆಸ್ಟ್ ಪರೀಕ್ಷಿಸುವ ಮಿಡಲ್‌ವೇರ್ (ಹ್ಯಾಂಡ್ಲರ್‌ಗೆ ಮೊದಲು ಓಡುವ ಕೋಡ್) ಇದೆ. ಅಂಥದ್ದೇ ಇನ್ನೊಂದು ಫ್ರೇಮ್‌ವರ್ಕ್ ಆದ ಫಾಸ್ಟಿಫೈನಲ್ಲಿ ರೂಟ್‌ಗೆ (ಎಪಿಐನ ಒಂದು ವಿಳಾಸಕ್ಕೆ) ಸ್ಕೀಮಾ ಕೊಟ್ಟರೆ ಎಜೆವಿ ಲೈಬ್ರರಿ ಪರೀಕ್ಷಿಸುತ್ತದೆ, ಸ್ವಾಗರ್ ಪ್ಲಗಿನ್ ಅದರಿಂದಲೇ ವಿವರಣೆ ತಯಾರಿಸುತ್ತದೆ.

ಫಾಸ್ಟಿಫೈ ಬಳಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ನಾವು ಹೇಳದಿದ್ದರೂ ಅದು ಟೈಪ್ ಪರಿವರ್ತನೆ ಮಾಡುತ್ತದೆ. ಯುಆರ್‌ಎಲ್‌ನಲ್ಲಿ ಪ್ರಶ್ನೆ ಚಿಹ್ನೆಯ ನಂತರ ಬರುವ ಕ್ವೆರಿ ಸ್ಟ್ರಿಂಗ್‌ನಲ್ಲಿ ಸಂಖ್ಯೆಯೂ ಅಕ್ಷರಗಳಾಗಿಯೇ ಬರುವುದರಿಂದ ಅಲ್ಲಿ ಇದು ಬೇಕು, ಆದರೆ ರಿಕ್ವೆಸ್ಟ್‌ನ ಜೇಸನ್ ಬಾಡಿಯ ಮೇಲೂ ಅದೇ ನಿಯಮ ನಡೆಯುತ್ತದೆ: ಬೆಲೆಯ ಫೀಲ್ಡ್ ನಂಬರ್ ಆಗಿರಬೇಕೆಂದು ಸ್ಕೀಮಾ ಹೇಳಿ, ಕ್ಲೈಂಟ್ ನಲ್ ಕಳಿಸಿದರೆ, ಎಜೆವಿ ಅದನ್ನು 0 ಮಾಡಿ ಒಳಗೆ ಬಿಡುತ್ತದೆ. ಕನಿಷ್ಠ ಮೌಲ್ಯ 1 ಎಂದು ಬರೆದಿದ್ದರೆ ಬಚಾವ್, ಇಲ್ಲವಾದರೆ ಸರಕು ಪುಕ್ಕಟೆ. ಹಾಗೆಯೇ ಹೆಚ್ಚುವರಿ ಫೀಲ್ಡ್ ಕೂಡದೆಂದು ಸ್ಕೀಮಾದಲ್ಲಿ ಬರೆದರೆ ಫಾಸ್ಟಿಫೈ 400 (ರಿಕ್ವೆಸ್ಟ್ ತಪ್ಪು) ಎಂಬ ಉತ್ತರ ಕೊಡುವ ಬದಲು ಆ ಫೀಲ್ಡನ್ನು ಸದ್ದಿಲ್ಲದೆ ಕಿತ್ತುಹಾಕುತ್ತದೆ. ಐಚ್ಛಿಕ ಫೀಲ್ಡ್‌ನ ಹೆಸರನ್ನು ತಪ್ಪಾಗಿ ಬರೆದವರಿಗೆ ತಮ್ಮ ಮಾಹಿತಿ ಉಳಿಯಲಿಲ್ಲವೆಂದು ತಿಳಿಯುವುದೇ ಇಲ್ಲ. ಬಾಡಿಯ ಮಟ್ಟಿಗೆ ಪ್ರತ್ಯೇಕ ವ್ಯಾಲಿಡೇಟರ್ ಕೊಟ್ಟು ಈ ಎರಡನ್ನೂ ನಾನು ಆಫ್ ಮಾಡುತ್ತೇನೆ.

ಸರಕು ಉಳಿದಿದೆಯೇ, ಆರ್ಡರ್ ಈ ಬಳಕೆದಾರರದ್ದೇ ಎಂಬುದು ಸ್ಕೀಮಾಕ್ಕೆ ತಿಳಿಯುವ ಮಾತಲ್ಲ. ಆ ತಪಾಸಣೆ ಹ್ಯಾಂಡ್ಲರ್‌ನಲ್ಲೇ ಆಗಬೇಕು. ಅಲ್ಲಿಂದ ಹೊರಡುವ 409 (ಸದ್ಯದ ಸ್ಥಿತಿಗೆ ಹೊಂದುವುದಿಲ್ಲ), 403 (ಅನುಮತಿಯಿಲ್ಲ) ಉತ್ತರಗಳ ಆಕಾರವನ್ನೂ ವಿವರಣೆಯಲ್ಲಿ ಬರೆದು, ಟೆಸ್ಟ್ ಓಡಿಸುವಾಗ ನಿಜವಾದ ಉತ್ತರಗಳನ್ನು ಅದಕ್ಕೆ ಹೋಲಿಸಿ ನೋಡಬೇಕು. 200 (ಯಶಸ್ವಿ) ಒಂದನ್ನೇ ಬರೆದು ಮುಗಿಸಿದ ಕಡತಗಳೇ ನನಗೆ ಹೆಚ್ಚಾಗಿ ಕಂಡಿವೆ.