ಡಿಸೆಂಬರ್ ಪಾರ್ಟಿಗೆ ಕೈಗೆಟಕುವ ಶಾಂಪೇನ್: ಬೇಕಲದ ಬಾರ್ ಸ್ಟೋರಿನ ಪಾಠಗಳು

ಡಿಸೆಂಬರ್ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದ ಕಡೆಯ ಹೋಟೆಲುಗಳಲ್ಲಿ ಬ್ಯಾಂಕ್ವೆಟ್‌ನವರದು ಒಂದೇ ರಾಗ. ಬಜೆಟ್ ಇಷ್ಟೇ, ಆದರೆ ಗ್ಲಾಸಿನಲ್ಲಿರುವುದು ನಿಜವಾದ, ಅಂದರೆ ಫ್ರಾನ್ಸಿನ ಶಾಂಪೇನ್ ಪ್ರಾಂತದ, ಶಾಂಪೇನ್ ಆಗಿರಬೇಕು, ಯಾವುದು ತರಿಸೋಣ? ಬ್ರಾಂಡಿನ ಹೆಸರು ಆಮೇಲೆ ಹೇಳಿ. ಮೊದಲು ಬಾಟಲಿಗೆ ಎಷ್ಟು ವಯಸ್ಸಾಗಿದೆ, ಅದು ಇಷ್ಟು ದಿನ ಎಲ್ಲಿ ನಿಂತಿತ್ತು ಎಂದು ನೋಡಿ. ಕಡಿಮೆ ಬೆಲೆಯ ಶಾಂಪೇನ್ ಕೆಡುವುದು ಬಹುತೇಕ ನಮ್ಮ ಕರಾವಳಿಗೆ ಬಂದ ಮೇಲೆಯೇ.

ಲೇಬಲ್ ಮೇಲೆ ಇಸವಿ ಇಲ್ಲದ ಶಾಂಪೇನಿಗೆ ನಾವು ನಾನ್ ವಿಂಟೇಜ್, ಚಿಕ್ಕದಾಗಿ ಎನ್‌ವಿ ಅನ್ನುತ್ತೇವೆ. ಒಂದು ವರ್ಷದ ಫಸಲಿಗೆ ಹಿಂದಿನ ವರ್ಷಗಳಿಂದ ಉಳಿಸಿಟ್ಟ ವೈನ್ ಬೆರೆಸಿ, ಪ್ರತಿವರ್ಷ ಹೆಚ್ಚುಕಮ್ಮಿ ಅದೇ ರುಚಿ ಬರುವಂತೆ ಮಾಡಿದ್ದು. ಫ್ರಾನ್ಸಿನ ಕಾಯ್ದೆಯ ಪ್ರಕಾರ ಅದು ಬಾಟಲಿಯಲ್ಲಿ ಕನಿಷ್ಠ 15 ತಿಂಗಳು ಇರಬೇಕು, ಅದರಲ್ಲಿ 12 ತಿಂಗಳು ಯೀಸ್ಟಿನ ಮಡ್ಡಿಯ ಜೊತೆ. ಇಸವಿ ಹಾಕಿದ್ದಕ್ಕೆ 3 ವರ್ಷ. ಮಡ್ಡಿ ತೆಗೆದು, ಕೊನೆಯ ಕಾರ್ಕ್ ಹಾಕಿದ ದಿನದಿಂದ ಎನ್‌ವಿಯ ಗಡಿಯಾರ ಶುರು. ತಂಪು ನೆಲಮಾಳಿಗೆಯಲ್ಲಿ ಎರಡು ಮೂರು ವರ್ಷ ಚೆನ್ನಾಗಿಯೇ ಇರುತ್ತದೆ. 30 ಡಿಗ್ರಿಯ ಸ್ಟೋರಿನಲ್ಲಿ, ರಾತ್ರಿ ಎಸಿ ಆರಿಸುವ ಕಡೆ, ಒಂದು ಬೇಸಿಗೆ ಸಾಕು: ಬಣ್ಣ ಗಾಢವಾಗುತ್ತದೆ, ಜಜ್ಜಿದ ಸೇಬಿನ ವಾಸನೆ ಬರುತ್ತದೆ, ಗುಳ್ಳೆ ಸೋಮಾರಿಯಾಗುತ್ತದೆ. ಡಿಸೆಂಬರಿನ ಸ್ಟಾಕನ್ನು ಮಾರ್ಚಿನಲ್ಲೇ ತೆಗೆದಿಡುವುದು ಜಾಣತನವಲ್ಲ ಎನ್ನುವುದು ಇದಕ್ಕೇ.

ವಯಸ್ಸು ತಿಳಿಯುವುದು ಹೇಗೆ? ಶಾಂಪೇನ್ ಮಾಡುವ ಕೆಲವು ಮನೆತನಗಳು ಮಡ್ಡಿ ತೆಗೆದ ತಿಂಗಳನ್ನು ಹಿಂದಿನ ಲೇಬಲ್ಲಿನಲ್ಲೇ ಅಚ್ಚು ಹಾಕುತ್ತವೆ. ಫಿಲಿಪೊನಾ ಹಾಗೆ ಮಾಡುತ್ತದೆ. ಅದಿಲ್ಲದಿದ್ದರೆ ಆಮದುದಾರರು ಅಂಟಿಸಿದ ಚೀಟಿಯಲ್ಲಿ ತಿಂಗಳು, ವರ್ಷ ಇದೆಯೇ ಹುಡುಕಿ. ಅದೂ ಇಲ್ಲವೆಂದರೆ ಪೂರ್ತಿ ಆರ್ಡರ್ ಕೊಡುವ ಮುಂಚೆ ಒಂದು ಬಾಟಲಿ ತರಿಸಿ ಬಿಚ್ಚಿ, ಕಾರ್ಕಿನ ಬುಡ ನೋಡಿ. ಹೊಸದಾದರೆ ತೆಗೆದ ಕೂಡಲೇ ಬುಡ ಲಂಗದ ಹಾಗೆ ಅರಳುತ್ತದೆ. ಬಹಳ ದಿನ ಕೂತದ್ದಾದರೆ ಗೂಟದ ಹಾಗೆ ನೆಟ್ಟಗೆ, ಸಪೂರವಾಗಿಯೇ ಉಳಿಯುತ್ತದೆ. ಮಾರುವವರ ಮಾತಿಗಿಂತ ನನಗೆ ಈ ಕಾರ್ಕಿನ ಮೇಲೆ ನಂಬಿಕೆ ಜಾಸ್ತಿ.

ಇನ್ನೊಂದು ಶತ್ರು ಬೆಳಕು. ಬಾರಿನ ಹಿಂದಿನ ಶೆಲ್ಫಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ನಿಲ್ಲಿಸಿದ್ದು ಚಂದ ಕಾಣುತ್ತದೆ, ಆದರೆ ಬೆಳಕಿಗೆ ವೈನಿನೊಳಗೆ ಗಂಧಕದ ವಾಸನೆ ಹುಟ್ಟಿ ಬೆಂದ ಕ್ಯಾಬೇಜಿನ ಹಾಗೆ ನಾರುತ್ತದೆ. ಬಿಳಿ ಗಾಜಿನ ಬಾಟಲಿಗೆ ಇದು ಬೇಗ ತಟ್ಟುತ್ತದೆ, ಕಡುಹಸಿರಿಗೆ ನಿಧಾನ. ಶೆಲ್ಫಿಗೆ ಖಾಲಿ ಬಾಟಲಿ ಇಡಿ, ತುಂಬಿದ್ದು ಪೆಟ್ಟಿಗೆಯಲ್ಲೇ ಇರಲಿ. ಕೆಲವು ವಾರದ ಮಟ್ಟಿಗೆ ನಿಲ್ಲಿಸಿಟ್ಟರೂ ತೊಂದರೆಯಿಲ್ಲ.

ಲೇಬಲ್ಲಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಎರಡಕ್ಷರ ಇರುತ್ತದೆ. ಎನ್‌ಎಂ ಎಂದರೆ ದ್ರಾಕ್ಷಿ ಕೊಂಡು ಮಾಡುವ ದೊಡ್ಡ ಮನೆತನ, ಆರ್‌ಎಂ ಎಂದರೆ ಸ್ವಂತ ತೋಟದ ಬೆಳೆಗಾರ, ಸಿಎಂ ಎಂದರೆ ಬೆಳೆಗಾರರ ಸಹಕಾರಿ ಸಂಘ, ಎಂಎ ಎಂದರೆ ಕೊಳ್ಳುವವರು ತಮ್ಮ ಹೆಸರು ಅಂಟಿಸಿಕೊಂಡ ಮಾಲು. ಬೆಲೆಗೆ ತಕ್ಕ ಸರಕು ಬೇಕಾದವರು ಸಿಎಂ ಕಡೆ ನೋಡಬೇಕು. ನಿಕೊಲಾ ಫೆಯಾತ್, ಪಾಮರ್ ಇವೆಲ್ಲ ಸಹಕಾರಿಯವು. ಅಡಿಕೆಗೆ ಕ್ಯಾಂಪ್ಕೊ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಲಾಬಿ ಬಣ್ಣದ ರೋಸೆಯ ಆಸೆ ಬಿಡಿ, ಅದೇ ಮನೆತನದ ಸಿಹಿ ಕಡಿಮೆಯ ಬ್ರೂಟ್‌ಗಿಂತ ದುಬಾರಿ.

ದೊಡ್ಡ ಮನೆತನಗಳ ಪೈಕಿ ಮೋಯೆ ಇಂಪೀರಿಯಲ್ ಯಾರಿಗೂ ಬೇಡವೆನಿಸದ ಮೆದು ರುಚಿ. ನೂರು ಜನ ಒಟ್ಟಿಗೆ ಗ್ಲಾಸೆತ್ತುವ ಟೋಸ್ಟಿಗೆ ಧಾರಾಳ ಆಗುತ್ತದೆ. ವೆವ್ ಕ್ಲಿಕೊ ಹಳದಿ ಲೇಬಲ್ಲಿನಲ್ಲಿ ಪಿನೋ ನುವಾರ್ ಎಂಬ ಕಪ್ಪು ದ್ರಾಕ್ಷಿ ಹೆಚ್ಚು, ಮೈ ತುಂಬಿದ್ದು, ಊಟದ ಜೊತೆಗೆ ನಿಲ್ಲುತ್ತದೆ. ಲೋರಾಂ ಪೆರಿಯೆ ಲಾ ಕ್ಯುವೆಯಲ್ಲಿ ಶಾರ್ಡನೇ ಎಂಬ ಬಿಳಿ ದ್ರಾಕ್ಷಿ ಮುಂದು, ತೆಳು ಮತ್ತು ಚುರುಕು. ನಮ್ಮ ಸೆಖೆಗೆ ನನ್ನ ಆಯ್ಕೆ ಈ ಕೊನೆಯದು.

ಸಿಹಿಯ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಬ್ರೂಟ್ 6ರವರೆಗೆ. ಎಕ್ಸ್‌ಟ್ರಾ ಡ್ರೈ ಎನ್ನುವ ಹೆಸರು ಮೋಸ ಮಾಡುತ್ತದೆ: 12ರಿಂದ 17 ಗ್ರಾಂ, ಬ್ರೂಟ್‌ಗಿಂತ ಸಿಹಿ. ಡೆಮಿ ಸೆಕ್ 32ರಿಂದ 50. ಬ್ರೂಟ್ ಜೊತೆ ಪ್ಲಮ್ ಕೇಕ್ ಕೊಟ್ಟರೆ ಕೇಕಿನ ಸಿಹಿ ನಾಲಿಗೆಯನ್ನು ಹಿಡಿದು ಶಾಂಪೇನ್ ಬರೀ ಹುಳಿ ಅನಿಸುತ್ತದೆ. ಅತಿಥಿಗಳು ಬಾಟಲಿ ಕೆಟ್ಟಿದೆ ಎಂದು ವಾಪಸು ಕಳಿಸುತ್ತಾರೆ. ಬೇಳದ ಕಡೆಯ ಕೊಂಕಣಿ ಮನೆಗಳ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆ, ನೆವ್ರಿ, ಕಿಡಿಯೊ, ಇವಕ್ಕೂ ಡೆಮಿ ಸೆಕ್ಕೇ ಆಗಬೇಕು. ಬ್ರೂಟ್‌ಗೆ ಉಪ್ಪು ಮತ್ತು ಎಣ್ಣೆ ಜೊತೆ: ಹುರಿದ ಗೇರುಬೀಜ, ನೇಂದ್ರ ಚಿಪ್ಸ್, ರವೆ ಹಚ್ಚಿ ಕರಿದ ಸಿಗಡಿ, ಕಾಣೆ ಮೀನು. ಖಾರ ಮಾತ್ರ ಕಡಿಮೆ ಮಾಡಿಸಿ. ಗುಳ್ಳೆಗಳು ಮೆಣಸಿನ ಉರಿಯನ್ನು ಎಬ್ಬಿಸುತ್ತವೆ, ಕೆಂಪು ಮಸಾಲೆಯ ಬಂಗುಡೆಗೆ ಬಿಯರೇ ವಾಸಿ.

ಹಣ ಉಳಿಸುವ ನೇರ ದಾರಿ ಎಂದರೆ ಟೋಸ್ಟಿಗೆ ಮಾತ್ರ ಶಾಂಪೇನ್, ಉಳಿದ ಸಂಜೆಗೆ ನಮ್ಮ ದೇಶದ್ದೇ ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆಯ ವೈನ್. ನಾಸಿಕದ ದಿಂಡೋರಿಯ ಶಾಂಡನ್ ಬ್ರೂಟ್, ಸುಲಾ ಬ್ರೂಟ್ ಎರಡರಲ್ಲೂ ಗುಳ್ಳೆ ಹುಟ್ಟುವುದು ಬಾಟಲಿಯೊಳಗೇ, ಶಾಂಪೇನಿನ ಕ್ರಮದಲ್ಲೇ. ಕಿತ್ತಳೆ ರಸ ಬೆರೆಸುವ ಮಿಮೋಸಾದಂಥ ಕಾಕ್‌ಟೇಲಿಗೆ ಫ್ರಾನ್ಸಿನ ಬಾಟಲಿ ಸುರಿಯುವುದು ದುಡ್ಡು ನೀರಿಗೆ ಹಾಕಿದಂತೆ. ಆದರೆ ಮೆನುವಿನಲ್ಲಿ ಸ್ಪಾರ್ಕ್ಲಿಂಗ್ ವೈನ್ ಎಂದೇ ಬರೆಯಿರಿ. ಶಾಂಪೇನ್ ಎಂದು ಬರೆದು ಬೇರೆಯದು ಸುರಿದರೆ ಒಬ್ಬರಾದರೂ ಬಾಟಲಿ ತೋರಿಸಿ ಎನ್ನುತ್ತಾರೆ.

ಕೇರಳದಲ್ಲಿ ಬಾರಿನ ಖರೀದಿ ಸರ್ಕಾರಿ ಮದ್ಯ ನಿಗಮವಾದ ಬೆವ್ಕೊ ಮೂಲಕ. ಅಲ್ಲಿ ದಾಖಲಾದ ಬ್ರಾಂಡು ಮಾತ್ರ ಸಿಗುತ್ತದೆ. ಆದ್ದರಿಂದ ಮೆನು ಅಚ್ಚು ಹಾಕಿಸುವ ಮುಂಚೆ ಗೋದಾಮಿನಲ್ಲಿ ನಿಜವಾಗಿ ಏನಿದೆ ಎಂದು ಕೇಳಿ, ಎರಡನೇ ಆಯ್ಕೆಯನ್ನೂ ಬರೆದಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಅಗ್ಗ, ಪುದುಚೇರಿಗೆ ಸೇರಿದ ಮಾಹೆಯಲ್ಲಿ ಇನ್ನೂ ಅಗ್ಗ ಎಂದು ಗಡಿ ದಾಟಿಸಿ ತಂದದ್ದನ್ನು ಬಾರಿನಲ್ಲಿ ಬಿಚ್ಚಿದರೆ ಅಬಕಾರಿಯವರಿಗೆ ಕಾರಣ ಹೇಳಲು ಆಗುವುದಿಲ್ಲ, ಪರವಾನಗಿಯೇ ಹೋಗಬಹುದು. 23 ವರ್ಷ ತುಂಬದವರಿಗೆ ಟೋಸ್ಟಿನ ಗ್ಲಾಸೂ ಇಲ್ಲ. ಅವರಿಗೆ ದ್ರಾಕ್ಷಿರಸ ಬೇರೆ ಟ್ರೇಯಲ್ಲಿ ಹೋಗಲಿ.

ಲೆಕ್ಕ: 750 ಮಿಲಿ ಬಾಟಲಿಗೆ 125 ಮಿಲಿಯ ಆರು ಗ್ಲಾಸು. ಬರೀ ಟೋಸ್ಟಾದರೆ 100 ಮಿಲಿ ಹಾಕಿ ಏಳು. 60 ಜನಕ್ಕೆ 9 ಬಾಟಲಿ, ಕೈಕಾವಲಿಗೆ ಇನ್ನೊಂದು. ಎರಡು ಗಂಟೆ ಅದನ್ನೇ ಕುಡಿಸುವುದಾದರೆ ತಲೆಗೆ ಅರ್ಧ ಬಾಟಲಿ ಹಿಡಿಯಿರಿ. ಬೆಳಿಗ್ಗೆಯೇ ಫ್ರಿಜ್ಜಿಗೆ ಹಾಕಿ, 8ರಿಂದ 10 ಡಿಗ್ರಿಗೆ ಬರಲಿ. ಅವಸರವಿದ್ದರೆ ಅರ್ಧ ಐಸು, ಅರ್ಧ ನೀರಿನ ಬಕೆಟಿನಲ್ಲಿ ಅರ್ಧ ಗಂಟೆ. ಬರೀ ಐಸು ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ನೀರಿದ್ದರೆ ಸುತ್ತಲೂ ಅಪ್ಪುತ್ತದೆ. ಫ್ರೀಜರಿಗೆ ಹಾಕಿ ಮರೆತರೆ ಒಡೆಯುತ್ತದೆ.

ಒಳಗೆ 5ರಿಂದ 6 ವಾತಾವರಣದ ಒತ್ತಡವಿದೆ, ಬೆಚ್ಚಗಾದಷ್ಟೂ ಏರುತ್ತದೆ. ಕಾರ್ಕಿನ ಮೇಲಿನ ತಂತಿಯನ್ನು ಆರು ಅರ್ಧ ಸುತ್ತು ಬಿಚ್ಚಿ, ತೆಗೆಯಬೇಡಿ; ಹೆಬ್ಬೆರಳು ಅದರ ಮೇಲೆಯೇ ಇರಲಿ. ಬಾಟಲಿ 45 ಡಿಗ್ರಿ ಓರೆಯಾಗಿ, ಮುಖ ಜನರಿಲ್ಲದ ಕಡೆಗೆ. ಕಾರ್ಕ್ ಬಿಗಿಹಿಡಿದು ಬಾಟಲಿಯನ್ನು ತಿರುಗಿಸಿ. ನಮ್ಮ ಗಾಳಿಯ ತೇವಕ್ಕೆ ತಣ್ಣನೆಯ ಬಾಟಲಿ ಕ್ಷಣದಲ್ಲಿ ಬೆವರುತ್ತದೆ, ಬಟ್ಟೆ ಇಲ್ಲದೆ ಹಿಡಿದರೆ ಜಾರುತ್ತದೆ. ಗ್ಲಾಸನ್ನು ಓರೆ ಹಿಡಿದು ಬದಿಯಿಂದ ಸುರಿದರೆ ಗುಳ್ಳೆ ಹೆಚ್ಚು ಉಳಿಯುತ್ತದೆ. ರೀಮ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಅಳೆದೇ ತೋರಿಸಿದ್ದಾರೆ. ಗುಳ್ಳೆಯೇ ಏಳುತ್ತಿಲ್ಲ ಎಂಬ ದೂರು ಬಂದರೆ ಬಾಟಲಿಯನ್ನು ಬೈಯುವ ಮುಂಚೆ ಗ್ಲಾಸು ಮೂಸಿ: ಸೋಪು ಉಳಿದಿರುತ್ತದೆ. ಬಿಸಿನೀರಲ್ಲಿ ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ; ಗಾಜಿಗೆ ಅಂಟಿದ ಸಣ್ಣ ನೂಲೆಳೆಯಿಂದಲೇ ಗುಳ್ಳೆ ಏಳುವುದು.

ಕೇರಳದಲ್ಲಿ ಪ್ರತಿ ತಿಂಗಳ 1ನೇ ತಾರೀಕು ಡ್ರೈ ಡೇ, ಜನವರಿ 1 ಕೂಡ. ಡಿಸೆಂಬರ್ 31ರ ರಾತ್ರಿ ಬಿಚ್ಚಿ ಉಳಿಸಿದ್ದನ್ನು ಮರುದಿನ ಬಾರಿನಲ್ಲಿ ಮಾರಲಾಗದು. ಹಾಗಾಗಿ ಕೊನೆಯ ಒಂದು ಗಂಟೆ ಟೇಬಲ್ಲಿನಿಂದ ಆರ್ಡರ್ ಬಂದ ಮೇಲೆಯೇ ಬಾಟಲಿ ಬಿಚ್ಚಲು ಹುಡುಗರಿಗೆ ಹೇಳಿಡಿ. ಆದರೂ ಉಳಿದರೆ ಕ್ಲ್ಯಾಂಪ್ ಮುಚ್ಚಳ ಹಾಕಿ ಫ್ರಿಜ್ಜಿಗೆ. ಬಾಯಿಗೆ ಚಮಚ ಇಳಿಬಿಟ್ಟರೆ ಗುಳ್ಳೆ ನಿಲ್ಲುತ್ತದೆ ಎನ್ನುವುದೆಲ್ಲ ಸುಳ್ಳು. 2ನೇ ತಾರೀಕಿಗೆ ಅದನ್ನು ಗ್ಲಾಸಿಗೆ ಹಾಕಬೇಡಿ, ಸಿಗಡಿಯ ಬೆಣ್ಣೆ ಸಾಸಿಗೆ ಅಡುಗೆಮನೆಗೆ ಕೊಡಿ. ದಾಸ್ತಾನು ಪುಸ್ತಕದಲ್ಲೂ ಹಾಗೆಯೇ ಬರೆಯಿರಿ.