ಬಿಲ್ಡ್ ಆಯ್ತು ಅಂದ್ರೆ ಪೋರ್ಟ್ ಆಯ್ತು ಅಂತಲ್ಲ

ಲಿನಕ್ಸ್ ಕೋಡನ್ನು ವಿಂಡೋಸ್‌ಗೆ ತರುವ ಟಿಕೆಟ್ ಬಂದರೆ ಮ್ಯಾನೇಜರ್ ಹೇಳುವುದು ಒಂದೇ ಮಾತು: "ಒಂದು ಮ್ಯಾಕ್ರೊ ಹಾಕಿ ಮುಗಿಸಿಬಿಡಿ." ಮ್ಯಾಕ್ರೊ ಅಂದರೆ ಕಂಪೈಲ್‌ಗೆ ಮೊದಲು ಒಂದು ಹೆಸರಿನ ಜಾಗಕ್ಕೆ ಇನ್ನೊಂದನ್ನು ಹಾಕುವ ಸಾಲು. ಹಾಕಿದರೆ ಬಿಲ್ಡ್ ಹಸಿರಾಗುತ್ತದೆ, ವಾರ್ನಿಂಗೂ ಇರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಮೆಮೊರಿ ಕೇಳುವ ಫಂಕ್ಷನ್‌ಗಳನ್ನೇ ನೋಡಿ. ಸಿ ಭಾಷೆಯ ಸಿ11 ಆವೃತ್ತಿಯ ಅಲೈನ್ಡ್_ಅಲಾಕ್ ಮೊದಲು ಅಲೈನ್‌ಮೆಂಟ್ (ವಿಳಾಸ ಎಷ್ಟರಿಂದ ಭಾಗವಾಗಬೇಕು ಎಂಬುದು) ಕೇಳುತ್ತದೆ, ಆಮೇಲೆ ಸೈಜ್. ವಿಂಡೋಸ್‌ನ _ಅಲೈನ್ಡ್_ಮ್ಯಾಲಕ್‌ನಲ್ಲಿ ಇದು ಉಲ್ಟಾ. ಎರಡೂ ಸೈಜ್_ಟಿ ಎಂಬ ಒಂದೇ ಪೂರ್ಣಾಂಕ ಟೈಪ್ ಆದ್ದರಿಂದ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಹೆಸರು ಮಾತ್ರ ಬದಲಿಸುವ ಮ್ಯಾಕ್ರೊಗೆ (64, 4096) ಕೊಟ್ಟು ನೋಡಿ: 4096ರ ಗಡಿಯಲ್ಲಿ ಬರೀ 64 ಬೈಟ್ ಸಿಗುತ್ತದೆ. 4096 ಕೂಡ ಎರಡರ ಘಾತವೇ, ಹಾಗಾಗಿ ರನ್‌ಟೈಮೂ ಒಪ್ಪಿಕೊಳ್ಳುತ್ತದೆ. 65ನೇ ಬೈಟಿನಿಂದ ಬರೆದದ್ದೆಲ್ಲ ನಮ್ಮದಲ್ಲದ ಜಾಗಕ್ಕೆ ಹೋಗುತ್ತದೆ. ಸೈಜ್ 5000 ಆಗಿದ್ದರೆ ಮೊದಲ ಕರೆಯಲ್ಲೇ ಸಿಕ್ಕಿಬೀಳುತ್ತಿತ್ತು. ಟೆಸ್ಟ್ ಬರೆಯುವವರಿಗೆ 4096ರಂಥ ದುಂಡು ಸಂಖ್ಯೆಯ ಮೋಹ ಬಿಡುವುದಿಲ್ಲ.

ಇನ್ನೊಂದು ಫ್ರೀ, ಅಂದರೆ ಪಡೆದ ಜಾಗ ವಾಪಸ್ ಕೊಡುವ ಫಂಕ್ಷನ್ನಿನ ಕಥೆ. _ಅಲೈನ್ಡ್_ಮ್ಯಾಲಕ್ ಸ್ವಲ್ಪ ಹೆಚ್ಚೇ ಜಾಗ ತೆಗೆದುಕೊಂಡು, ವಿಳಾಸವನ್ನು ಮುಂದಕ್ಕೆ ಸರಿಸಿ, ಮೂಲ ಪಾಯಿಂಟರನ್ನು ಅದರ ಹಿಂದೆ ಬಚ್ಚಿಡುತ್ತದೆ. ಸರಿಸಿದ ಆ ವಿಳಾಸವನ್ನು _ಅಲೈನ್ಡ್_ಫ್ರೀ ಬದಲು ಬರೀ ಫ್ರೀಗೆ ಕೊಟ್ಟರೆ ಮೆಮೊರಿ ಹಂಚುವ ಹೀಪ್ ತಾನು ಕೊಡದೇ ಇದ್ದ ವಿಳಾಸ ವಾಪಸ್ ಬಂತೆಂದು 0xC0000374 (ಹೀಪ್ ಕೆಟ್ಟಿದೆ ಎಂಬ ಎರರ್) ಎಸೆಯುತ್ತದೆ. ಕೆಲವೊಮ್ಮೆ ಅಲ್ಲೇ, ಕೆಲವೊಮ್ಮೆ ಎಷ್ಟೋ ಹೊತ್ತಿನ ಮೇಲೆ. ಆಗ ಸ್ಟ್ಯಾಕ್‌ನಲ್ಲಿ (ಬಿದ್ದಾಗ ಓಡುತ್ತಿದ್ದ ಕರೆಗಳ ಪಟ್ಟಿಯಲ್ಲಿ) ಕಾಣುವುದು ಲಾಗ್ ಬರೆಯುವ ಲಾಗರ್. ಬೈಸಿಕೊಳ್ಳುವವನು ಲಾಗರ್ ಬರೆದವನು.

ಮ್ಯಾಕ್‌ನಲ್ಲಿ ಅಲೈನ್ಡ್_ಅಲಾಕ್ 10.15ರಿಂದ ಇದೆ, ಆದರೆ ಸೈಜ್ ಅಲೈನ್‌ಮೆಂಟಿನಿಂದ ಪೂರ್ತಿ ಭಾಗವಾಗಲೇಬೇಕೆಂಬ ಕಟ್ಟುನಿಟ್ಟು: 64ರ ಅಲೈನ್‌ಮೆಂಟ್‌ಗೆ 100 ಬೈಟ್ ಕೇಳಿದರೆ ನಲ್ (ಖಾಲಿ ಪಾಯಿಂಟರ್). ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಅದೇ ಕರೆಗೆ ಸುಮ್ಮನೆ ಜಾಗ ಕೊಡುತ್ತದೆ. ಸೈಜನ್ನು ಮೊದಲೇ 128ಕ್ಕೆ ಏರಿಸಬೇಕು, ಇಲ್ಲವೇ ಪೋಸಿಕ್ಸ್_ಮೆಮ್‌ಅಲೈನ್ ಬಳಸಬೇಕು. ಅದು ಎರರ್ ಕೋಡನ್ನು ರಿಟರ್ನ್ ಮಾಡುತ್ತದೆ, ಎರ್ನೋ (ಎರರ್ ಸಂಖ್ಯೆ ಕೂರುವ ವೇರಿಯಬಲ್) ನೋಡಿಕೊಂಡು ಕೂತರೆ ಏನೂ ಸಿಗದು.

ಬಫರ್ ಬೆಳೆಸಲು ರಿಅಲಾಕ್ ಮಾಡಿದರೆ ಅಲೈನ್‌ಮೆಂಟ್ ಹೋಯಿತೆಂದೇ ಲೆಕ್ಕ. 64 ಬಿಟ್ ಜಿಲಿಬ್‌ಸಿ ಖಾತ್ರಿ ಕೊಡುವುದು 16 ಬೈಟ್ ಮಾತ್ರ. 32 ಬೇಕೆನ್ನುವ ಎವಿಎಕ್ಸ್ (ಹಲವು ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸುವ ಪ್ರೊಸೆಸರ್ ಸೂಚನೆಗಳು) ಲೋಡ್ ಒಂದು ರನ್‌ನಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ. ವಿಂಡೋಸ್ ಕ್ರ್ಯಾಶ್ ಡಂಪಿನಲ್ಲಿ 0xFFFFFFFFFFFFFFFF ಓದಲು ಹೋಗಿ ಆಕ್ಸೆಸ್ ವಯಲೇಷನ್ ಎಂದು ಕಂಡರೆ ಕೆಟ್ಟ ಪಾಯಿಂಟರ್ ಹುಡುಕುವ ಮೊದಲು ಅಸೆಂಬ್ಲಿ ತೆರೆಯಿರಿ. ಅಲ್ಲಿ ವಿಎಂಒವಿಎಪಿಎಸ್ (ಅಲೈನ್ ಆದ ವಿಳಾಸವನ್ನೇ ಬೇಡುವ ಸೂಚನೆ) ಇದ್ದು, ರಿಜಿಸ್ಟರಿನ ವಿಳಾಸ ಹೆಕ್ಸ್‌ನಲ್ಲಿ 10, 30, 50ರಂತೆ (16ರಿಂದ ಭಾಗವಾಗಿ 32ರಿಂದ ಆಗದಂತೆ) ಮುಗಿದಿದ್ದರೆ ಆ ಬಫರ್ ಯಾರು ಬೆಳೆಸಿದರೆಂದು ಕೇಳಿ.